ಮೂಕಪ್ರಾಣಿಯ ಕಾರ್ಡು ಓದುವವರು ಯಾರು?

ನಿಮ್ಮ ಮನೆ ನಾಯಿಯ ಲಸಿಕೆ ಕಾರ್ಡು ಎಲ್ಲಿದೆ? ಎದ್ದು ಹೋಗಿ ಹುಡುಕಿ. ಸಿಕ್ಕರೆ ಓದಿ. ಓದಲಿಕ್ಕೆ ಬಂತೆ?

ಇಪ್ಪತ್ತು ವರ್ಷದಿಂದ ಪ್ರೆಸ್ ನಡೆಸುತ್ತಿದ್ದೇನೆ. ಬಿಲ್ ಬುಕ್ಕು, ಲಗ್ನಪತ್ರಿಕೆಗಳ ಜೊತೆ ಪಶುವೈದ್ಯರ ರಿಜಿಸ್ಟರು, ಕಾರ್ಡುಗಳನ್ನೂ ಅಚ್ಚು ಹಾಕಿದ್ದೇನೆ. ಹೋದ ವರ್ಷ ನಮ್ಮ ಪ್ರೆಸ್ಸಿನ ನಾಯಿ ಪಕ್ಕದ ಮನೆ ಹುಡುಗನ ಕಾಲಿಗೆ ಬಾಯಿ ಹಾಕಿತು. ಅವನ ತಾಯಿ ಕೇಳಿದ್ದು ಒಂದೇ ಮಾತು: "ಅಣ್ಣಾ, ನಾಯಿಗೆ ಸೂಜಿ ಹಾಕ್ಸಿದ್ದೀರಾ?" ಮಳೆಗಾಲದಲ್ಲಿ ಹಾಕಿಸಿದ ನೆನಪು. ಯಾವ ವರ್ಷದ ಮಳೆಗಾಲ? ಕಾರ್ಡು ತೆಗೆದರೆ ಇಂಗ್ಲಿಷಿನಲ್ಲಿ ಎರಡು ಗೀಚು, ಒಂದು ಸಹಿ. ಕ್ಲಿನಿಕ್ಕಿಗೆ ಓಡಿದರೆ ಹಳೇ ರಿಜಿಸ್ಟರು ಗೆದ್ದಲಿನ ಪಾಲು! ಹುಡುಗನಿಗೆ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದೆವು. ನಾಯಿಯ ಕಾರ್ಡು ಸರಿಯಿದ್ದರೂ ಕಚ್ಚಿಸಿಕೊಂಡವರು ಆಸ್ಪತ್ರೆಗೆ ಹೋಗಲೇಬೇಕು, ಮರೆಯಬೇಡಿ. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ಕಾದೆವು. ಆ ತಾಯಿಯೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಆ ಕಾರ್ಡನ್ನು ಅಚ್ಚು ಹಾಕಿದವನು ನಾನೇ ಎಂಬುದು ಬೇರೆ ಮಾತು.

ಮನುಷ್ಯನಾದರೆ "ಈ ಮಾತ್ರೆ ನಂಗೆ ಒಗ್ಗಲ್ಲ ಡಾಕ್ಟ್ರೇ" ಎನ್ನುತ್ತಾನೆ. ನಾಯಿ, ದನ ಏನು ಹೇಳೀತು? ಅದರ ಬಾಯಿ ಎಂದರೆ ಆ ಕಾಗದವೇ. ಟಾಮಿ, ರಾಜು ಎಂಬ ಹೆಸರಿನ ನಾಯಿಗಳು ಒಂದೊಂದು ಬೀದಿಗೂ ನಾಲ್ಕಿವೆ. ಆದ್ದರಿಂದ ಪ್ರತಿ ಪ್ರಾಣಿಗೂ ಒಂದು ನಂಬರು, ಅದೇ ನಂಬರು ರಿಜಿಸ್ಟರಿನಲ್ಲೂ ಕಾರ್ಡಿನಲ್ಲೂ ಇರಬೇಕು. ತೂಕ ಬರೆದಿರಬೇಕು, ಔಷಧಿಯ ಪ್ರಮಾಣ ನಿಲ್ಲುವುದೇ ಅದರ ಮೇಲೆ. ಲಸಿಕೆ ಬಾಟಲಿಯ ಚೀಟಿ ಕಿತ್ತು ಅಂಟಿಸಿದರೆ ಹೆಸರು, ಬ್ಯಾಚ್ ನಂಬರು ಎರಡೂ ಉಳಿಯುತ್ತವೆ. ಒಗ್ಗದ ಔಷಧಿ ಮೇಲ್ಗಡೆ ಕೆಂಪು ಶಾಯಿಯಲ್ಲಿ.

ಇನ್ನು ಊರಲ್ಲಿ ನಿಮ್ಮಪ್ಪನ ಕೊಟ್ಟಿಗೆ ನೋಡಿ. ಹಸುವಿನ ಕಿವಿಯೋಲೆಯಲ್ಲಿ 12 ಅಂಕಿಯ ಸಂಖ್ಯೆಯಿದೆ, ಲೆಕ್ಕ ಸರ್ಕಾರದ ಕಂಪ್ಯೂಟರಿನಲ್ಲಿದೆ. ಅಪ್ಪನ ಕೈಯಲ್ಲಿ ಏನಿದೆ? ಕಂದುರೋಗದ ಲಸಿಕೆಯನ್ನು ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕುತ್ತಾರೆ. ಅದನ್ನು ಬರೆದಿಡದಿದ್ದರೆ ಮುಂದೆ ರಕ್ತ ಪರೀಕ್ಷೆಯಲ್ಲಿ ರೋಗವೇ ಇದ್ದಂತೆ ತೋರಬಹುದು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟಾಗ ಇಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂದಿರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಗೀಚಿ ಕೊಟ್ಟರೆ ಯಾರಿಗೆ ಉಪಯೋಗ? ಆ ಹಾಲು ನಿಮ್ಮ ಕಾಫಿಗೇ ಬರುತ್ತದೆ ಸ್ವಾಮಿ!

ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ಬೇರೆ ಊರಿನ ಡಾಕ್ಟರೂ ಓದಬೇಕಲ್ಲ. ಯಾವ ರೋಗಕ್ಕೆ, ಮತ್ತೆ ಯಾವಾಗ ಬರಬೇಕು, ಏನು ಮಾಡಬಾರದು, ಇವು ಕನ್ನಡದಲ್ಲಿರಬೇಕು. ಒಬ್ಬ ಡಾಕ್ಟರಿಗೆ ಹೀಗೆಂದಾಗ "ಕನ್ನಡ ಹಾಕಿದ್ರೆ ಖರ್ಚು ಜಾಸ್ತಿ ಆಗಲ್ವೇನ್ರೀ?" ಎಂದರು. ಅದೇ ಪ್ಲೇಟು, ಅದೇ ಶಾಯಿ, ಅದೇ ಕಾಗದ. ಒಂದು ಪೈಸೆ ಹೆಚ್ಚಾಗುವುದಿಲ್ಲ, ಅಚ್ಚು ಹಾಕುವವನೇ ಹೇಳುತ್ತಿದ್ದೇನೆ. ಮುಂದಿನ ಸಲ ನಾಯಿಯನ್ನು ಕರೆದೊಯ್ದಾಗ ಕೌಂಟರಿನಲ್ಲೇ ಕೇಳಿ. ಇಲ್ಲವೆಂದರೆ ನೀವೇ ಪೆನ್ನು ತೆಗೆದು, ಡಾಕ್ಟರು ಹೇಳಿದ್ದನ್ನು ಅವರೆದುರೇ ಕಾರ್ಡಿನ ಹಿಂದೆ ಕನ್ನಡದಲ್ಲಿ ಬರೆದು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬನ್ನಿ.