ಹಿತ್ತಿಲ ಬಳ್ಳಿ, ಸರಕಾರದ ಹಂಡೆ

ಬಿಯರಿನ ವಿಚಾರವನ್ನು ಕನ್ನಡ ಅಧ್ಯಾಪಕನೊಬ್ಬ ಸಾಹಿತ್ಯದ ಪುಟಗಳಲ್ಲಿ ಬರೆಯುವುದೆ ಎಂದು ಹುಬ್ಬೇರಿಸುವ ಮಹನೀಯರು ಇರಬಹುದು. ಹೆಂಡಗುಡುಕ ರತ್ನನ ಬಾಯಲ್ಲಿ ಪದ ಹಾಡಿಸಿದ ರಾಜರತ್ನಂ ಅವರೂ ಕನ್ನಡ ಮೇಷ್ಟರೇ ಆಗಿದ್ದರೆಂಬುದನ್ನು ಅಂಥವರಿಗೆ ನೆನಪು ಮಾಡಿಕೊಟ್ಟು ಮುಂದುವರಿಯುತ್ತೇನೆ. ನಾನು ಕುಡಿಯುವವನಲ್ಲ, ಕುಡಿಯಿರೆಂದು ಯಾರಿಗೂ ಹೇಳುವವನೂ ಅಲ್ಲ. ನನ್ನ ಜಗಳವಿರುವುದು ಕುಡಿಯುವವರ ಮೇಲೂ ಅಲ್ಲ, ಕುಡಿಯದವರ ಮೇಲೂ ಅಲ್ಲ. ನಮ್ಮ ಸಭ್ಯ ಸಮಾಜದಲ್ಲಿ ಚಲಾವಣೆಯಲ್ಲಿರುವ ಒಂದು ಖೋಟಾ ನಾಣ್ಯದ ಮೇಲೆ.

ಆ ನಾಣ್ಯ ನನ್ನ ಕೈಗೆ ಬಂದದ್ದು ಹೀಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಆರೆಗಾನಿನಲ್ಲಿದ್ದಾನೆ. ಮನೆಯ ಹಿತ್ತಿಲಲ್ಲಿ ಹಾಪ್ ಬಳ್ಳಿ ಹಬ್ಬಿಸಿ, ಅದರ ಹೂ ಬಿಡಿಸಿ ಒಣಗಿಸಿ, ವರ್ಷಕ್ಕೆ ಎರಡು ಮೂರು ಬಾರಿ ತನ್ನ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳುತ್ತಾನಂತೆ. ಇದನ್ನು ಕೇಳಿದ ನನ್ನ ಸಹೋದ್ಯೋಗಿಗಳೊಬ್ಬರು, “ಮನೆಯಲ್ಲೇ ಭಟ್ಟಿ ಹೂಡಿದನೆ! ಅಂಗಡಿಯಲ್ಲಿ ಕೊಂಡು ಕುಡಿದಿದ್ದರೆ ಮರ್ಯಾದೆಯಾಗಿರುತ್ತಿತ್ತು” ಎಂದರು. ಅಂಗಡಿಯಲ್ಲಿ ಕೊಂಡರೆ ಮರ್ಯಾದೆ, ಮನೆಯಲ್ಲಿ ಮಾಡಿದರೆ ಅನಾಚಾರ! ಈ ನೀತಿ ಯಾವ ಧರ್ಮಶಾಸ್ತ್ರದ್ದು? ಯಾವ ಧರ್ಮಶಾಸ್ತ್ರದ್ದೂ ಅಲ್ಲ, ಅದು ಖಜಾನೆಯ ಶಾಸ್ತ್ರದ್ದು ಎಂಬುದೇ ನನ್ನ ವಾದ. ಅದಕ್ಕೆ ಸಾಕ್ಷಿ ಹೇಳಬಲ್ಲದ್ದು ಆ ಹಾಪ್ ಬಳ್ಳಿಯೇ.

ಮೊದಲು ಸಾಕ್ಷಿಯ ಪರಿಚಯವಾಗಲಿ. ಹಾಪ್ ಚಳಿದೇಶಗಳ ಬಳ್ಳಿ. ವಂಶದಲ್ಲಿ ಭಂಗಿಗೆ ಹತ್ತಿರದ ನೆಂಟ, ಆದರೆ ಅದರ ಮತ್ತು ಇದಕ್ಕಿಲ್ಲ. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಒಣಗಿ ಸಾಯುತ್ತದೆ. ಬುಡದ ಗೆಡ್ಡೆ ಮಾತ್ರ ಉಳಿದು, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಹೀಗೆ ಇಪ್ಪತ್ತು ವರ್ಷವಾದರೂ ಬಾಳುತ್ತದೆ. ನಮ್ಮ ಮಲೆನಾಡಿನ ಮೆಣಸಿನ ಬಳ್ಳಿ ಬೇರುಗಳಿಂದ ಮರವನ್ನು ಅಪ್ಪಿ ಹಿಡಿಯುತ್ತದೆ. ಹಾಪ್ ಬಳ್ಳಿಗೆ ಅಂಥ ಬೇರೂ ಇಲ್ಲ, ಹಾಗಲ ಬಳ್ಳಿಗಿರುವಂಥ ಕುಡಿಯೂ ಇಲ್ಲ. ಕಾಂಡದ ಮೇಲಿನ ಬಿರುಗೂದಲುಗಳ ಹಿಡಿತದಿಂದಲೇ ಹಗ್ಗವನ್ನು ಸುತ್ತಿ ಏರುತ್ತದೆ. ಅದೂ ಯಾವಾಗಲೂ ಪ್ರದಕ್ಷಿಣೆಯಾಗಿಯೇ. ಹದಿನೈದು ಇಪ್ಪತ್ತು ಅಡಿ ಎತ್ತರಕ್ಕೆ ಹಗ್ಗ ಕಟ್ಟಬೇಕು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ; ಬೇಕಾದದ್ದು ಹೆಣ್ಣಿನದು. ಅದರ ಹಸುರು ಹೂಗೊಂಚಲಿನ ದಳಗಳನ್ನು ಬಿಡಿಸಿದರೆ ಒಳಗೆ ಹಳದಿ ಪುಡಿ ಕಾಣುತ್ತದೆ. ಬಿಯರಿನ ಕಹಿಯೂ ಪರಿಮಳವೂ ಆ ಪುಡಿಯಲ್ಲಿವೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿನೀರಿನೊಡನೆ ಇದನ್ನು ಕುದಿಸಿದರೆ ಕಹಿ ಇಳಿಯುತ್ತದೆ. ಅನೇಕ ಬಗೆಯ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವೂ ಆ ಕಹಿಗೆ ಉಂಟು. ಆಮೇಲೆ ಆರಿಸಿ ಯೀಸ್ಟ್ ಹಾಕಿದರೆ ಹುದುಗು ಬರುತ್ತದೆ.

ಮನೆಯಲ್ಲಿ ಬೆಳೆಯುವವನಿಗೆ ಮೊದಲ ವರ್ಷ ಹೂ ಅತ್ಯಲ್ಪ. ಬಳ್ಳಿ ಬಲಿತ ಮೇಲೆ ಒಂದೊಂದರಿಂದ ಒಣಗಿದ ಹೂ ಅರ್ಧ ಕಿಲೋ, ಒಳ್ಳೆಯ ವರ್ಷದಲ್ಲಿ ಇನ್ನೂ ಹೆಚ್ಚು. ಆಗಸ್ಟಿನ ಕೊನೆ, ಸೆಪ್ಟೆಂಬರ್ ಕೊಯ್ಲಿನ ಕಾಲ. ಹೂ ಬಿಡಿಸುವ ಬೆರಳುಗಳಿಗೆ ಅಂಟು, ತೋಳಿಗೆ ಬಳ್ಳಿಯ ಬಿರುಗೂದಲಿನ ಗೀರು. ಬಿಡಿಸಿದ್ದನ್ನು ಹೆಚ್ಚು ಕಾವು ತಗಲದಂತೆ ಒಣಗಿಸಬೇಕು. ಇಲ್ಲದಿದ್ದರೆ ಪರಿಮಳ ಹಾರಿಹೋಗುತ್ತದೆ. ಕಾರಖಾನೆಯವರು ತಮ್ಮ ಹಾಪಿನ ಕಹಿಯನ್ನು ಅಳೆದು ಹಾಕುತ್ತಾರೆ. ಹಿತ್ತಿಲವನು ಮೂಸಿ, ರುಚಿ ನೋಡಿ, ಅಂದಾಜಿನಿಂದ ಹಾಕಬೇಕು. ನಮ್ಮ ತಾಯಂದಿರು ಉಪ್ಪಿನಕಾಯಿಗೆ ಉಪ್ಪು ಹಾಕುವುದೂ ಹಾಗೆಯೇ ಅಲ್ಲವೆ? ಇಷ್ಟು ಶ್ರಮಪಟ್ಟು, ಒಂದು ತಿಂಗಳು ಕಾದು, ಇಪ್ಪತ್ತು ಲೀಟರ್ ಬಿಯರ್ ಮಾಡುವವನು ಕುಡುಕನೆ? ಕುಡುಕನಿಗೆ ಒಂದು ತಿಂಗಳು ಕಾಯುವ ವ್ಯವಧಾನವಿದ್ದಿದ್ದರೆ ಅವನು ಕುಡುಕನೇ ಆಗುತ್ತಿರಲಿಲ್ಲ.

ಈ ಬಳ್ಳಿಯ ಚರಿತ್ರೆಯಲ್ಲಿ ಒಂದು ವಿಪರ್ಯಾಸವಿದೆ. ಇಂದು ಮನೆಗೆ ಮರಳುತ್ತಿರುವ ಈ ಹಾಪೇ ಹಿಂದೆ ಬಿಯರನ್ನು ಮನೆಯಿಂದ ಹೊರಡಿಸಿತು. ಇಂಗ್ಲೆಂಡಿನಲ್ಲಿ ಪೂರ್ವದಲ್ಲಿ ಮಾಡುತ್ತಿದ್ದ ಏಲ್ ಎಂಬ ಪೇಯಕ್ಕೆ ಹಾಪ್ ಹಾಕುತ್ತಿರಲಿಲ್ಲ. ಅದು ಕೆಲವು ದಿನಗಳಲ್ಲಿ ಹುಳಿಯಾಗಿ ಕೆಡುತ್ತಿತ್ತು. ಆದುದರಿಂದ ಅದನ್ನು ಮನೆಮನೆಯ ಹೆಂಗಸರು ಮಾಡಿ, ಮಿಕ್ಕದ್ದನ್ನು ನೆರೆಯವರಿಗೆ ಮಾರುತ್ತಿದ್ದರು. ವಿಧವೆಗೂ ಬಡ ಹೆಂಡತಿಗೂ ಅದು ನಾಲ್ಕು ಕಾಸಿನ ದಾರಿ. ಹಾಪ್ ಹಾಕಿದರೆ ಪೇಯ ಕೆಡದೆ ಬಹುಕಾಲ ನಿಲ್ಲುತ್ತದೆಂಬುದನ್ನು 12ನೆಯ ಶತಮಾನದ ಜರ್ಮನ್ ಸಂನ್ಯಾಸಿನಿ ಹಿಲ್ಡೆಗಾರ್ಡ್ ಬರೆದಿಟ್ಟಿದ್ದಳು. ಕೆಡದ ಸರಕನ್ನು ದೊಡ್ಡ ಹಂಡೆಯಲ್ಲಿ ಮಾಡಬಹುದು, ಪೀಪಾಯಿ ತುಂಬಿ ದೂರದೂರಿಗೆ ಸಾಗಿಸಬಹುದು. ಆದರೆ ದೊಡ್ಡ ಹಂಡೆಗೆ ಬಂಡವಾಳ ಬೇಕು. ಬಂಡವಾಳವಿದ್ದದ್ದು ಗಂಡಸರ ಕೈಯಲ್ಲಿ. 1300ರ ಸುಮಾರಿಗೆ ಹೆಂಗಸರ ಕೈಯಲ್ಲಿದ್ದ ಕಸುಬು 1600ರ ಹೊತ್ತಿಗೆ ಬಹುಮಟ್ಟಿಗೆ ಗಂಡಸರದಾಗಿತ್ತು ಎಂಬುದನ್ನು ಜೂಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ 1996ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಹಾಪೊಂದೇ ಅದಕ್ಕೆ ಕಾರಣವಲ್ಲ. ಆದರೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಕಡೆಗೆ ಆ ಹೆಂಗಸರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಉಳಿದದ್ದೇನು? ಲಂಡನ್ನಿನ ಬಡ ಕೇರಿಗಳಿಂದ ಮಕ್ಕಳುಮರಿಗಳೊಡನೆ ಕೆಂಟ್ ಪ್ರಾಂತ್ಯಕ್ಕೆ ಹೋಗಿ, ಕೂಲಿಗೆ ಹಾಪ್ ಬಿಡಿಸುವ ಕೆಲಸ. 1931ರಲ್ಲಿ ಜಾರ್ಜ್ ಆರ್ವೆಲ್ ಅಂಥ ಕೂಲಿಗಳ ಜೊತೆಗೆ ನಿಂತು ತಾನೂ ಬಿಡಿಸಿ ನೋಡಿದ.

ಹಾಗೆಂದು ಬಳ್ಳಿಯನ್ನು ಬೈಯಲಾರೆ. ಆ ಕೆಂಟ್ ಪ್ರಾಂತ್ಯದವನೇ ಆದ ರೆಜಿನಾಲ್ಡ್ ಸ್ಕಾಟ್ 1574ರಲ್ಲಿ ಹಾಪ್ ತೋಟದ ಮೇಲೆ ಚಿತ್ರಸಹಿತ ಪುಸ್ತಕ ಬರೆದ. ಸಾಧಾರಣ ಒಕ್ಕಲಿಗನೂ ಅದನ್ನು ಬೆಳೆಯಲೆಂಬುದು ಅವನ ಆಸೆ. ಹತ್ತು ವರ್ಷಗಳ ಮೇಲೆ ಇದೇ ಮನುಷ್ಯ, ಬಡ ಮುದುಕಿಯರನ್ನು ಮಾಟಗಾತಿಯರೆಂದು ಕೊಲ್ಲುವುದು ಮೂಢತನವೆಂದು ಮತ್ತೊಂದು ಗ್ರಂಥ ಬರೆದ. ಜನಸಾಮಾನ್ಯರ ಕಡೆ ನಿಂತ ಬುದ್ಧಿ ಎರಡರಲ್ಲೂ ಒಂದೇ.

ಕಸುಬು ದೊಡ್ಡ ಹಂಡೆಗೆ ಹೋದ ಬೆನ್ನಲ್ಲೇ ಸರಕಾರ ಬಂತು. 18ನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಹಾಪಿನ ಮೇಲೆ ಸುಂಕ ಬಿತ್ತು. ಅದು ತೊಲಗಿದ್ದು 1862ರಲ್ಲಿ. 1880ರಲ್ಲಿ ಗ್ಲ್ಯಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಹಾಕಿದ. ಆಗ ಮನೆಯ ಹಂಡೆಗೂ ಪರವಾನಗಿ ಬೇಕಾಯಿತು. ಇದನ್ನು ರದ್ದು ಮಾಡಿದ್ದು 1963ರಲ್ಲಿ, ರೆಜಿನಾಲ್ಡ್ ಮಾಡ್ಲಿಂಗ್ ಅರ್ಥಮಂತ್ರಿಯಾಗಿದ್ದಾಗ. ಎಂಬತ್ತಮೂರು ವರ್ಷ ತನ್ನ ಮನೆಗೆ ತಾನು ಬಿಯರ್ ಮಾಡಿಕೊಳ್ಳಲು ಇಂಗ್ಲಿಷಿನವನು ಪರವಾನಗಿ ಹಿಡಿಯಬೇಕಾಗಿತ್ತು. ಅಷ್ಟೂ ಕಾಲ ಕಾರಖಾನೆಯ ಬಿಯರ್ ಹೊಳೆಯಾಗಿ ಹರಿಯುತ್ತಿತ್ತು. ಕುಡಿತವನ್ನು ತಡೆಯುವುದು ಆ ಕಾನೂನಿನ ಉದ್ದೇಶವಾಗಿದ್ದಿದ್ದರೆ ಅದು ಮೊದಲು ಹಿಡಿಯಬೇಕಾಗಿದ್ದದ್ದು ಯಾವ ಹಂಡೆಯನ್ನು?

ಅಮೆರಿಕದ ಕಥೆ ಇನ್ನೂ ಸ್ವಾರಸ್ಯ. ಅಲ್ಲಿಯೂ ಬಿಯರ್ ಮೊದಲು ಮನೆವಾರ್ತೆಯ ಕೆಲಸವೇ. ಮುಂದೆ ರಾಷ್ಟ್ರಾಧ್ಯಕ್ಷನಾದ ಜೆಫರ್ಸನ್ನನ ಮಡದಿ ಮಾರ್ಥಾ ತನ್ನ ಲೆಕ್ಕದ ಪುಸ್ತಕದಲ್ಲಿ, ಒಂದು ಹಳೆಯ ಅಂಗಿ ಕೊಟ್ಟು ಏಳು ಪೌಂಡ್ ಹಾಪ್ ಕೊಂಡೆನೆಂದು ಬರೆದಿದ್ದಾಳೆ. ಆ ಮನೆಗೆ ಹಾಪ್ ಮಾರುತ್ತಿದ್ದವರು ಅವರ ಗುಲಾಮರು. ಸ್ವಂತ ದೇಹದ ಮೇಲೂ ಹಕ್ಕಿಲ್ಲದಿದ್ದವನಿಗೆ ಆ ಏಳು ಪೌಂಡು ಹೂವಿನ ಮೇಲಾದರೂ ಹಕ್ಕಿತ್ತು! 1920ರಲ್ಲಿ ಪಾನನಿರೋಧ ಬಂತು, 1933ರಲ್ಲಿ ಹೋಯಿತು. ಹೋದ ಮೇಲೆ ಮನೆಯಲ್ಲಿ ದ್ರಾಕ್ಷಿಯ ವೈನ್ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ನಾಲ್ವತ್ತೈದು ವರ್ಷಗಳಾದ ಮೇಲೆ, 1978ರಲ್ಲಿ, ಅಧ್ಯಕ್ಷ ಕಾರ್ಟರ್ ಅದಕ್ಕೆ ರುಜು ಹಾಕಿದರು. ಒಂಟಿ ವಯಸ್ಕನಿರುವ ಮನೆಗೆ ವರ್ಷಕ್ಕೆ ನೂರು ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ ಇನ್ನೂರು, ಮಾರಕೂಡದು. ಆದರೂ ರಾಜ್ಯಗಳು ಒಂದೊಂದಾಗಿ ಒಪ್ಪಬೇಕಾಯಿತು. ಕೊನೆಯದಾಗಿ ಅಲಬಾಮ ಮತ್ತು ಮಿಸ್ಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಪ್ರಳಯವಾಯಿತೆ? ಕೆಲವೇ ಕಂಪೆನಿಗಳ ಒಂದೇ ರುಚಿಯ ಬಿಯರ್ ತುಂಬಿದ್ದ ದೇಶದಲ್ಲಿ ಸಾವಿರಗಟ್ಟಲೆ ಸಣ್ಣ ಬಿಯರ್ ಮನೆಗಳು ಹುಟ್ಟಿದವು. ಹುಟ್ಟಿಸಿದವರಲ್ಲಿ ಅನೇಕರು ಮನೆಯ ಒಲೆಯ ಮುಂದೆ ಕಲಿತವರು. ಆರೆಗಾನಿನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ಕ್ಯಾಸ್ಕೇಡ್ ಎಂಬ ಹಾಪ್ ತಳಿ ಅವರಿಗೆ ಅಚ್ಚುಮೆಚ್ಚು. ಹಿತ್ತಿಲಲ್ಲಿ ಬೆಳೆಯುವವರಿಗೂ ಅದೇ ಇಷ್ಟ.

ಈಗ ಎದುರುವಾದಗಳು. ಮನೆಯಲ್ಲಿ ಮಾಡಲು ಬಿಟ್ಟರೆ ಕುಡಿತ ಹೆಚ್ಚುವುದಿಲ್ಲವೆ ಎಂಬುದು ಮೊದಲನೆಯದು. ಕುಡಿತದಿಂದ ಕೆಟ್ಟ ಮನೆಗಳನ್ನು ನಾನೂ ಕಂಡಿದ್ದೇನೆ. ಫೀಸಿನ ದುಡ್ಡು ಅಪ್ಪನ ಗಂಟಲಿಗಿಳಿದು ಓದು ನಿಲ್ಲಿಸಿದ ಹುಡುಗರು ನನ್ನ ತರಗತಿಗಳಲ್ಲೇ ಇದ್ದರು. ಆ ಅಪ್ಪಂದಿರಲ್ಲಿ ಒಬ್ಬನೂ ಹಿತ್ತಿಲಲ್ಲಿ ಬಳ್ಳಿ ಬೆಳೆಸಿ ಕುಡಿದವನಲ್ಲ. ಎಲ್ಲರೂ ಸರಕಾರದ ಪರವಾನಗಿಯ ಅಂಗಡಿಯಲ್ಲಿ, ತೆರಿಗೆ ಕೊಟ್ಟು, ‘ಮರ್ಯಾದೆ’ಯಾಗಿ ಕುಡಿದವರು.

ಮನೆಯಲ್ಲಿ ಮಾಡಿದ್ದು ವಿಷವಾದೀತು ಎಂಬುದು ಎರಡನೆಯದು. ಭಟ್ಟಿ ಇಳಿಸುವುದು ಬೇರೆ, ಹುದುಗು ಬರಿಸುವುದು ಬೇರೆ ಎಂಬ ಭೇದವನ್ನು ಇಲ್ಲಿ ಮರೆಯಲಾಗುತ್ತದೆ. ಇಂಗ್ಲೆಂಡಿನವರೂ ಅಮೆರಿಕದವರೂ ಮನೆಯ ಭಟ್ಟಿಯನ್ನು ಇಂದಿಗೂ ಬಿಟ್ಟಿಲ್ಲ, ಅದು ಸರಿಯೆ. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಬಡವರನ್ನು ಕೊಂದ ಕಳ್ಳಬಟ್ಟಿಯಲ್ಲಿದ್ದದ್ದು ಮೆಥಿಲ್ ಆಲ್ಕೊಹಾಲ್. ಅದು ಯಾವ ಗೃಹಿಣಿಯ ಗಡಿಗೆಯಲ್ಲೂ ಹುಟ್ಟಿದ್ದಲ್ಲ. ಲಾಭಕ್ಕಾಗಿ ಬೆರಸಿ ಮಾರಿದ್ದು. ಕೆಟ್ಟ ಬಿಯರ್ ನಾಲಗೆಗೆ ಹುಳಿಯಾದೀತು, ಕಣ್ಣು ಕೀಳದು.

ಹಾಗಾದರೆ ನಮ್ಮ ಮಾಳಿಗೆಗಳ ಮೇಲೂ ಹಾಪ್ ಹಬ್ಬಿಸಿರೆಂದು ಹೇಳುತ್ತೇನೆಯೆ? ಹೇಳಿದರೂ ಬಳ್ಳಿ ಕೇಳದು. ಅದಕ್ಕೆ ಚಳಿಗಾಲದ ಗಾಢ ನಿದ್ರೆಯೂ ಬೇಸಗೆಯ ದೀರ್ಘ ಹಗಲೂ ಬೇಕು. ಬೆಂಗಳೂರಿನ ಅತ್ಯಂತ ದೀರ್ಘ ಹಗಲು ಹದಿಮೂರು ಗಂಟೆ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅದು ಒಗ್ಗಿರುವುದು ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ. ಬಳ್ಳಿ ಇಲ್ಲಿಗೆ ಬಾರದಿದ್ದರೇನು? ಅದು ಕಲಿಸುವ ಪಾಠ ಬರಬಹುದು. 1965ರ ನಮ್ಮ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಹುದುಗು ಬರಿಸಿದ ಒಂದು ಗಡಿಗೆಯೂ ಅಪರಾಧ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕಾರಖಾನೆಯ ಬಾಟಲಿ ನಿಷೇಧವಾಗಲಿಲ್ಲ. ಅತ್ತ ಬೆಂಗಳೂರಿನ ಝಗಮಗಿಸುವ ಬಿಯರ್ ಮನೆಗಳಲ್ಲಿ ತಾಮ್ರದ ಹಂಡೆಗಳನ್ನು ಗಾಜಿನ ಹಿಂದೆ ಪ್ರದರ್ಶನಕ್ಕಿಟ್ಟು, ಹೊರದೇಶದಿಂದ ತರಿಸಿದ ಹಾಪ್ ಹಾಕಿ, ಸ್ಥಳದಲ್ಲೇ ಬಿಯರ್ ಮಾಡಿ ಹಂಚುತ್ತಾರೆ. ಅದನ್ನು ಕಲೆಯೆನ್ನುತ್ತೇವೆ. ಹಳ್ಳಿಯ ಮುದುಕಿಯ ಮಣ್ಣಿನ ಗಡಿಗೆಯನ್ನು ಒಡೆದು ಹಾಕಿ ಶಿಸ್ತೆನ್ನುತ್ತೇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಕುಡಿತ ಪಾಪವೆಂದು ನಂಬುವ ಸರಕಾರ ತನ್ನ ಹಂಡೆಯನ್ನೂ ಬೋರಲು ಹಾಕಲಿ. ಅಂಥ ಸರಕಾರಕ್ಕೆ ಮೊದಲು ಕೈಮುಗಿಯುವವನು ನಾನು. ಅದು ಆಗದೆಂದರೆ, ಮಾರದೆ, ಭಟ್ಟಿ ಇಳಿಸದೆ, ತನ್ನ ಮನೆಮಟ್ಟಿಗೆ ಮಾಡಿಕೊಳ್ಳುವವನನ್ನು ಕಳ್ಳನೆನ್ನುವುದನ್ನು ಬಿಡಲಿ. ಎರಡೂ ಆಗದೆಂದರೆ ಕಡೆಯ ಪಕ್ಷ ನೀತಿಯ ಮಾತನ್ನು ಪಕ್ಕಕ್ಕಿಟ್ಟು, “ಇದು ವರಮಾನದ ಪ್ರಶ್ನೆ” ಎಂದು ನೇರವಾಗಿ ಹೇಳಲಿ. ಆ ಮಾತಿನಲ್ಲಿ ನ್ಯಾಯವಿಲ್ಲದಿದ್ದರೂ ಪ್ರಾಮಾಣಿಕತೆಯಾದರೂ ಇರುತ್ತದೆ.