ಪದವಿ ಪಡೆದವರು, ಪದವಿ ಏರಿದವರು

ಕನ್ನಡದಲ್ಲಿ ‘ಪದವಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ವ್ಯಾಸಂಗದ ಕೊನೆಯಲ್ಲಿ ದೊರೆಯುವುದೂ ಪದವಿ, ಅಧಿಕಾರದ ಪೀಠವೂ ಪದವಿ. ಇವೆರಡರ ನಡುವೆ ಇರಬೇಕಾದ ಅಧ್ಯಾಪನದ ದೀರ್ಘ ಹಾದಿಯನ್ನು ಇಂದಿನ ವಿಶ್ವವಿದ್ಯಾನಿಲಯಗಳು ಮರೆಯುತ್ತಿವೆ. ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇರುತ್ತದೆ. ಹೆಸರಿನ ಮುಂದೆ ಕುಲಪತಿ, ನಿರ್ದೇಶಕ, ಪ್ರಾಂಶುಪಾಲ ಎಂಬ ಹುದ್ದೆಗಳಿರುತ್ತವೆ. ಅವರು ಏನನ್ನು ಕಲಿಸಿದರು, ಯಾವ ಗ್ರಂಥವನ್ನು ಬೆಳಕಿಗೆ ತಂದರು, ಯಾರನ್ನು ಬೆಳೆಸಿದರು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಪೀಠವನ್ನೇ ಸಾಧನೆಯೆಂದು ಭ್ರಮಿಸುವ ಈ ರೂಢಿ ಶೈಕ್ಷಣಿಕ ನಾಯಕತ್ವದ ಅರ್ಥವನ್ನೇ ಕೆಡಿಸಿದೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅಲ್ಲಿಯೇ ಪದವಿ ಪಡೆದವರೊಬ್ಬರು ಅದರ ಕುಲಪತಿಯಾಗಲು ನಲವತ್ತು ವರ್ಷಗಳು ಬೇಕಾದವು. 1956ರಲ್ಲಿ ಆ ಸ್ಥಾನಕ್ಕೆ ಬಂದ ಕುವೆಂಪು 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿದ್ದರು. ಉಪನ್ಯಾಸಕರಾಗಿ, ಪ್ರಾಧ್ಯಾಪಕರಾಗಿ, ಅದೇ ಕಾಲೇಜಿನ ಪ್ರಾಂಶುಪಾಲರಾಗಿ ಇಪ್ಪತ್ತೇಳು ವರ್ಷ ಕಳೆದ ಮೇಲೆ ಅವರಿಗೆ ಆಡಳಿತದ ಸೂತ್ರ ದೊರೆಯಿತು. ಆದುದರಿಂದಲೇ ಅವರ ಅವಧಿಯ ಹೆಗ್ಗುರುತು ಒಂದು ಕಡತವಲ್ಲ, ಒಂದು ಜ್ಞಾನನೆಲೆ. ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆಗಳನ್ನು ಒಂದೆಡೆ ತಂದ ಮಾನಸಗಂಗೋತ್ರಿಗೆ ರೂಪ ಕೊಟ್ಟವರೂ ಅವರೇ, ಹೆಸರಿಟ್ಟವರೂ ಅವರೇ. ಅಧಿಕಾರವಿಲ್ಲದಾಗ ಕನ್ನಡ ಮಾಧ್ಯಮದ ಪರವಾಗಿ ಮಾತನಾಡುತ್ತಿದ್ದವರು ಅಧಿಕಾರ ಬಂದಾಗ ದನಿ ಬದಲಿಸಲಿಲ್ಲ.

ಕನ್ನಡ ಎಂ.ಎ. ತರಗತಿಯ ಅದೇ ಮೊದಲ ತಲೆಮಾರಿನ ಡಿ. ಎಲ್. ನರಸಿಂಹಾಚಾರ್ ಕುಲಪತಿಯಾಗಲಿಲ್ಲ. ಹುದ್ದೆಗಳ ಪಟ್ಟಿಯಲ್ಲಿ ಅವರು ಕುವೆಂಪು ಅವರಿಗಿಂತ ಕೆಳಗಿನ ಸಾಲಿನವರು. ಆದರೆ 1949ರಲ್ಲಿ ‘ವಡ್ಡಾರಾಧನೆ’ಯನ್ನು ಪರಿಷ್ಕರಿಸಿ ಕೊಟ್ಟು, 1964ರಲ್ಲಿ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಬರೆದು, ಓಲೆಗರಿಯನ್ನು ಓದುವ ಶಿಸ್ತನ್ನು ನಾಡಿಗೆ ಕಲಿಸಿದವರು ಅವರು. ಹಳಗನ್ನಡದ ಅಧ್ಯಾಪಕರ ತಲೆಮಾರುಗಳೇ ಅವರಿಂದ ಬೆಳೆದವು. ಅಧ್ಯಾಪಕರಿಗೆ ಅಧ್ಯಾಪಕರಾದ ಇಂಥವರನ್ನು ನಾಯಕರೆನ್ನದ ವಿಶ್ವವಿದ್ಯಾನಿಲಯಕ್ಕೆ ನಾಯಕತ್ವದ ಲಕ್ಷಣವೇ ತಿಳಿದಿಲ್ಲ.

ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆ ಅವರ ಜೀವನವೂ ಇದನ್ನೇ ಹೇಳುತ್ತದೆ. ಮುಂಬಯಿ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದ ಅವರು 1930ರಿಂದ 1962ರವರೆಗೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದರು. ಅರ್ಧಮಾಗಧಿಗೆ ಅಂದೂ ವಿದ್ಯಾರ್ಥಿಗಳು ಮುಗಿಬೀಳುತ್ತಿರಲಿಲ್ಲ. ಅಂಥ ಪೀಠದಲ್ಲಿ ಕುಳಿತೇ ಕುಂದಕುಂದರ ‘ಪ್ರವಚನಸಾರ’ವನ್ನು 1935ರಲ್ಲಿ ವಿಸ್ತಾರವಾದ ಪೀಠಿಕೆಯೊಡನೆ ಸಂಪಾದಿಸಿದರು, ‘ಪರಮಾತ್ಮಪ್ರಕಾಶ’, ‘ಕುವಲಯಮಾಲಾ’ಗಳನ್ನು ಲೋಕದ ವಿದ್ವಾಂಸರ ಮುಂದಿಟ್ಟರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರನ್ನು ಹುಡುಕಿಕೊಂಡು ಬಂದಿತು. ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಕಟ್ಟಲು ಕರೆ ಬಂದಾಗ ಅವರ ವಯಸ್ಸು ಅರವತ್ತು ದಾಟಿತ್ತು. ದಾಖಲಾತಿಯ ಸಂಖ್ಯೆಯನ್ನು ಮುಂದಿಟ್ಟು ಸಣ್ಣ ವಿಭಾಗಗಳ ಬಾಗಿಲು ಹಾಕಲು ಹೊರಟಿರುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಅವರ ಲೆಕ್ಕಾಚಾರ ಅಂದು ನಡೆದಿದ್ದರೆ ಉಪಾಧ್ಯೆಯವರಿಗೆ ಯಾವ ತರಗತಿ ಉಳಿಯುತ್ತಿತ್ತು?

ಈ ಪರಂಪರೆಯ ಎದುರು 2025ರ ಜನವರಿಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಪ್ರಕಟಿಸಿದ ಕರಡು ನಿಯಮಗಳನ್ನು ಇಟ್ಟು ನೋಡಬೇಕು. ಉದ್ಯಮ, ಸಾರ್ವಜನಿಕ ಆಡಳಿತ ಮೊದಲಾದ ಕ್ಷೇತ್ರಗಳ ಹಿರಿಯರೂ ಕುಲಪತಿಗಳಾಗಬಹುದೆಂಬುದು ಅದರ ಸೂಚನೆ. ಆಡಳಿತಕ್ಕೆ ದಕ್ಷತೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಆಯವ್ಯಯ, ಕಟ್ಟಡ, ಪರೀಕ್ಷೆಗಳ ನಿರ್ವಹಣೆಗೆ ಕುಲಸಚಿವರೂ ಹಣಕಾಸು ಅಧಿಕಾರಿಗಳೂ ಇದ್ದಾರೆ. ಯಾವ ವಿದ್ಯೆ ಉಳಿಯಬೇಕು, ಯಾವ ಅಧ್ಯಾಪಕನಿಗೆ ಹತ್ತು ವರ್ಷಗಳ ನೆಮ್ಮದಿ ಕೊಟ್ಟರೆ ಒಂದು ಮಹಾಗ್ರಂಥ ಹೊರಬರುತ್ತದೆ ಎಂಬ ವಿವೇಕ ಮಾತ್ರ ತರಗತಿಯಲ್ಲಿ ಬಾಳಿದವರಿಗೆ ದಕ್ಕುವಂಥದು. ಅಧ್ಯಾಪಕರಾಗಿ ಬಂದವರೆಲ್ಲ ಒಳ್ಳೆಯ ಕುಲಪತಿಗಳಾಗಲಿಲ್ಲ ಎಂಬುದು ನಿಜ. ಆದರೆ ಆಯ್ಕೆಯಲ್ಲಿ ಹಣ, ಜಾತಿ, ರಾಜಕೀಯಗಳು ನುಸುಳಿದ್ದಕ್ಕೆ ಅಧ್ಯಾಪನವನ್ನು ಹೊಣೆ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇದಕ್ಕಿಂತಲೂ ಆಳವಾದ ಗಾಯ ಕೆಳಗಿದೆ. ರಾಜ್ಯದ ಪದವಿ ಕಾಲೇಜುಗಳನ್ನು ಸಾವಿರಾರು ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ. ಮುಂದಿನ ವರ್ಷ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂದು ತಿಳಿಯದವರು ಯಾವ ಹಸ್ತಪ್ರತಿಯನ್ನು ಬಿಚ್ಚಿಯಾರು? ಯಾವ ಶಿಷ್ಯನನ್ನು ಐದು ವರ್ಷ ತಿದ್ದಿಯಾರು? ಮೂವತ್ತೆರಡು ವರ್ಷ ಒಂದೇ ಪೀಠದಲ್ಲಿ ನೆಲೆಯೂರುವ ಅವಕಾಶವೇ ಉಪಾಧ್ಯೆಯವರನ್ನು ರೂಪಿಸಿತು. ಆ ಅವಕಾಶವನ್ನು ಕಿತ್ತುಕೊಂಡು, ಅವರಂಥವರು ಏಕೆ ಹುಟ್ಟುತ್ತಿಲ್ಲವೆಂದು ವಿಚಾರ ಸಂಕಿರಣಗಳಲ್ಲಿ ಹಲುಬುವುದು ಆತ್ಮವಂಚನೆ.

ಮಹನೀಯರ ಹೆಸರನ್ನು ಸಭಾಂಗಣಗಳಿಗೆ ಇಡುವುದು ಸುಲಭ. ಖಾಲಿ ಬಿದ್ದಿರುವ ಅಧ್ಯಾಪಕ ಹುದ್ದೆಗಳನ್ನು ತುಂಬುವುದು, ವಿದ್ಯಾರ್ಥಿಗಳು ಕಡಿಮೆಯಿರುವ ವಿಭಾಗಗಳನ್ನು ಉಳಿಸುವುದು, ಕುಲಪತಿಯ ಪೀಠವನ್ನು ಅಧ್ಯಾಪನದ ತುದಿಯಲ್ಲಿಯೇ ಇರಿಸುವುದು ಕಷ್ಟ. ಕಷ್ಟದ್ದನ್ನು ಮಾಡದ ವಿಶ್ವವಿದ್ಯಾನಿಲಯಕ್ಕೆ ಆ ಹೆಸರುಗಳನ್ನು ಹೇಳಿಕೊಳ್ಳುವ ಹಕ್ಕಿಲ್ಲ.