ಮಿತಿ ಮೀರಿದ ಪರಿಹಾರ ಯಾರ ಕೊರಳಿಗೆ?

ಸರಕಿನ ಟೆಂಪೋದ ಮೂಟೆಗಳ ಮೇಲೆ ನಾಲ್ಕಾರು ಮಂದಿ ಕುಳಿತು ಸಂತೆಗೆ ಹೋಗುವುದು ನಮ್ಮ ಜಿಲ್ಲೆಗಳಲ್ಲಿ ಹೊಸ ನೋಟವಲ್ಲ. ಬಸ್ಸು ಸಿಗದ ಕೂಲಿಯವನು ಕೈ ಅಡ್ಡ ಹಿಡಿಯುತ್ತಾನೆ. ಗುರುತಿನವನೆಂದು ವ್ಯಾಪಾರಿ ಹತ್ತಿಸಿಕೊಳ್ಳುತ್ತಾನೆ. ಗಾಡಿ ಮಗುಚಿ ಒಬ್ಬನ ಪ್ರಾಣ ಹೋಯಿತೆನ್ನಿ. ಪರಿಹಾರ ಕೊಡುವವರು ಯಾರು? ವರ್ಷ ವರ್ಷವೂ ತಪ್ಪದೆ ಪ್ರೀಮಿಯಂ ಎಣಿಸಿಕೊಂಡ ವಿಮಾ ಕಂಪೆನಿಯೆ? ಅಲ್ಲ. ಸರಕಿನ ಗಾಡಿಯಲ್ಲಿ ಬಿಟ್ಟಿ ಕುಳಿತವನು ತನ್ನ ಲೆಕ್ಕಕ್ಕೆ ಸೇರಿದವನಲ್ಲವೆಂದು ಕಂಪೆನಿ ಕೈ ತೊಳೆದುಕೊಳ್ಳುತ್ತದೆ. ಸುಪ್ರೀಂ ಕೋರ್ಟು ಮೊದಲೇ ಒಪ್ಪಿದ್ದ ಈ ಮಾತನ್ನು 2019ರ ತಿದ್ದುಪಡಿ ಕಾನೂನಿನಲ್ಲೇ ಬರೆದಿಟ್ಟಿತು. ಹೊರೆಯೆಲ್ಲ ಒಂದೇ ಟೆಂಪೋದ ಒಡೆಯನ ಮೇಲೆ.

ಆ ಹೊರೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಸತ್ತವನಿಗೆ 30 ವರ್ಷ, ತಿಂಗಳಿಗೆ 15,000 ರೂಪಾಯಿ ಸಂಪಾದನೆ. ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ ಅವನನ್ನೇ ನಂಬಿದವರು. ವರ್ಷದ ದುಡಿಮೆ 1,80,000. ಖಾಯಂ ನೌಕರಿಯಿಲ್ಲದ ಈ ವಯಸ್ಸಿನವನಿಗೆ ಮುಂದಿನ ಸಂಪಾದನೆಯ ಬಾಬ್ತು ನೂರಕ್ಕೆ 40 ಸೇರಿಸಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅವನ ಸ್ವಂತ ಖರ್ಚೆಂದು ನಾಲ್ಕರಲ್ಲೊಂದು ಪಾಲು ಕಳೆದು, ಉಳಿದದ್ದನ್ನು 17ರಿಂದ ಗುಣಿಸಿದರೆ 32,13,000 ರೂಪಾಯಿ. ಇದು ದುಬಾರಿ ತೀರ್ಪಲ್ಲ. ಒಂದು ಸಂಸಾರ ಬದುಕುವ ಅನ್ನದ ಲೆಕ್ಕ. ಆದರೆ ಸಾಲದ ಟೆಂಪೋ ಇಟ್ಟವನು ಇದನ್ನೆಲ್ಲಿಂದ ತಂದಾನು? 174ನೆಯ ಕಲಮಿನ ಪ್ರಕಾರ ಈ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಗಾಡಿ ಜಪ್ತಿ, ಮನೆ ಹರಾಜು. ಆದರೂ ವಿಧವೆಯ ಕೈಗೆ ಪೂರ್ತಿ ಹಣ ಬಾರದು. ಎರಡು ಬಡ ಸಂಸಾರಗಳು ಕೋರ್ಟಿನ ಜಗಲಿಯ ಮೇಲೆ ಒಂದನ್ನೊಂದು ಶಪಿಸುತ್ತ ಕೂರುತ್ತವೆ, ಕಂಪೆನಿ ನೆಮ್ಮದಿಯಾಗಿರುತ್ತದೆ. ಇದಾವ ನ್ಯಾಯ?

ಈ ಅನ್ಯಾಯಕ್ಕೆ ಚರಿತ್ರೆಯಿದೆ. 1939ರ ಮೋಟಾರು ಕಾನೂನಿನಲ್ಲಿ ಸರಕಿನ ಲಾರಿಗೆ ಕಡ್ಡಾಯ ವಿಮೆಯ ಮಿತಿ ಮೊದಲು 20,000, 1969ರ ತಿದ್ದುಪಡಿಯಿಂದ 50,000, 1982ರಿಂದ 1,50,000. ಮಿತಿ ಮೀರಿದ್ದೆಲ್ಲ ಲಾರಿಯವನ ಪಾಲು. 1988ರ ಕಾನೂನು ಸಾವು ನೋವಿನ ಮಟ್ಟಿಗೆ ಆ ಮಿತಿಯನ್ನು ಕಿತ್ತೊಗೆಯಿತು. ಹೀಗೆ ಗೆದ್ದದ್ದನ್ನು ಕಸಿಯಲು 2016ರಲ್ಲಿ ಒಂದು ಮಸೂದೆ ಬಂತು: ಸಾವಿಗೆ ಕಂಪೆನಿ ಕೊಡುವುದು ಹೆಚ್ಚೆಂದರೆ 10 ಲಕ್ಷ! ನಮ್ಮ ಲೆಕ್ಕದ 32 ಲಕ್ಷದಲ್ಲಿ 22 ಲಕ್ಷಕ್ಕೂ ಮೇಲ್ಪಟ್ಟು, ಯಾವ ನಿಯಮವನ್ನೂ ಮೀರದ ಒಡೆಯನ ತಲೆಗೂ ಬೀಳುತ್ತಿತ್ತು. 2019ರಲ್ಲಿ ಆದ ಕಾನೂನಿನಲ್ಲಿ ಆ ಅಂಕೆ ಇಲ್ಲ, ನಿಜ. ಆದರೆ ಕಂಪೆನಿಯ ಹೊಣೆಯೆಷ್ಟೆಂದು ಗೊತ್ತುಪಡಿಸುವ ಅಧಿಕಾರವನ್ನು 147ನೆಯ ಕಲಮು ಕೇಂದ್ರ ಸರಕಾರದ ಕೈಗೆ ಕೊಟ್ಟಿದೆ. ಮುಂಬಾಗಿಲಿಂದ ಹೊರಟದ್ದು ಹಿತ್ತಿಲಿಂದ ಬಾರದಂತೆ ನಾವು ಕಾಯಬೇಕು.

"ನಿಯಮ ಮುರಿದವನು ಅನುಭವಿಸಲಿ" ಎನ್ನುವ ಬುದ್ಧಿವಂತರಿದ್ದಾರೆ. ದಂಡ ಹಾಕಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಒಡೆಯನ ತಪ್ಪಿಗೆ ಸತ್ತವನ ಮಕ್ಕಳೇಕೆ ಉಪವಾಸ ಬೀಳಬೇಕು? ಲೈಸೆನ್ಸಿನ ತಕರಾರಿರುವ ಮೊಕದ್ದಮೆಗಳಲ್ಲಿ ಕಂಪೆನಿ ಮೊದಲು ನೊಂದವರಿಗೆ ಹಣ ಕೊಟ್ಟು, ಆಮೇಲೆ ಒಡೆಯನಿಂದ ವಸೂಲು ಮಾಡಿಕೊಳ್ಳುವ ದಾರಿಯನ್ನು 2004ರಲ್ಲಿ ಸುಪ್ರೀಂ ಕೋರ್ಟೇ ತೋರಿಸಿದೆ. ಆ ದಾರಿ ಎಲ್ಲ ಮೊಕದ್ದಮೆಗಳಿಗೂ ಕಾನೂನಾಗಲಿ. ವಸೂಲಿಯೂ ಒಡೆಯನ ಶಕ್ತಿಗೆ ತಕ್ಕ ಕಂತಿನಲ್ಲಾಗಲಿ. ದುಡಿಮೆಯ ಗಾಡಿಯನ್ನೂ ಇರುವ ಮನೆಯನ್ನೂ ಮುಟ್ಟದಿರಲಿ. ಹಳ್ಳಿಗೆ ಬಸ್ಸು ಓಡಿಸದ ಸರಕಾರಕ್ಕೆ ಟೆಂಪೋ ಹತ್ತಿದವನನ್ನು ಅನಾಥನೆಂದು ಕೈಬಿಡುವ ಹಕ್ಕಿಲ್ಲ.

ಅಲ್ಲಿಯವರೆಗೆ ಗಾಡಿಯಿಟ್ಟ ಗೆಳೆಯರಿಗೆ ನಮ್ಮ ಮಾತಿಷ್ಟು. ಸರಕಿನ ಗಾಡಿಯಲ್ಲಿ ಜನರನ್ನು ಹತ್ತಿಸಬೇಡಿ. ಪಾಲಿಸಿಯನ್ನು ಓದಿಸಿ ಕೇಳಿ. ಇನ್ನೊಬ್ಬರ ಆಸ್ತಿಗೆ ಆದ ನಷ್ಟದ ಬಾಬ್ತು ಅದರಲ್ಲಿರುವುದು 6,000 ರೂಪಾಯಿಯೋ ಏಳೂವರೆ ಲಕ್ಷವೋ ತಿಳಿದುಕೊಳ್ಳಿ. ಅಪಘಾತವಾದೊಡನೆ ಕಂಪೆನಿಗೆ ಬರಹದಲ್ಲಿ ತಿಳಿಸಿ. ನ್ಯಾಯಮಂಡಳಿಯ ನೋಟೀಸನ್ನು ಹೆದರಿ ಮುಚ್ಚಿಡಬೇಡಿ. ಹಾಜರಾಗದಿದ್ದರೆ ತೀರ್ಪು ಏಕಪಕ್ಷೀಯವಾಗುತ್ತದೆ. 7,500 ಕಿಲೋ ಮೀರದ ಸಾಗಣೆ ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠ ಹೇಳಿದೆ. ಕಂಪೆನಿ ಆ ತಕರಾರು ತೆಗೆದರೆ ಈ ತೀರ್ಪನ್ನು ಮುಂದಿಡಿ. ಮೇಲ್ಮನವಿಗೆ 90 ದಿನಗಳ ಅವಧಿಯಿದೆ. 25,000 ರೂಪಾಯಿ ಇಲ್ಲವೆ ತೀರ್ಪಿನ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. ಮನೆಯನ್ನು ಭಾವಮೈದುನನ ಹೆಸರಿಗೆ ಬರೆದು ಪಾರಾಗು ಎನ್ನುವವರ ಮಾತು ಕೇಳಬೇಡಿ; ಅಂಥ ಪತ್ರವನ್ನು ಕೋರ್ಟು ರದ್ದು ಮಾಡೀತು. ಲೋಕ ಅದಾಲತ್ತಿನಲ್ಲಿ ಎದುರು ಕುಳಿತು ಕಂತಿಗೆ ರಾಜಿಯಾಗುವುದು ಮೇಲು.

ಕಾರ್ಮಿಕ ಬಂಧುಗಳೇ, ನೊಂದವರು ಆರು ತಿಂಗಳೊಳಗೆ ಅರ್ಜಿ ಹಾಕಿಕೊಳ್ಳಿ. ನಿಮ್ಮ ಎದುರಾಳಿ ಟೆಂಪೋದ ಒಡೆಯನಲ್ಲ. ಪ್ರೀಮಿಯಂ ಪಡೆಯುವಾಗ ಕಡ್ಡಾಯ, ಕೊಡುವಾಗ ಮಿತಿ ಎನ್ನುವ ವ್ಯವಸ್ಥೆಯೇ ನಿಮ್ಮಿಬ್ಬರ ಎದುರಾಳಿ. ಅದರ ಮುಂದೆ ಇಬ್ಬರೂ ಒಂದಾಗಿ ನಿಲ್ಲಿ.